ಓದು ತೊಡಕಾದರೆ ಮಿದುಳೇನು ಹೇಳುತ್ತದೆ?

ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಈತನೇ ಶಾಲೆಯ ಅತಿ ಜಾಣ ಹುಡುಗ ಎಂಬುದು ಶಿಕ್ಷಕರ ಅಭಿಪ್ರಾಯವಾಗಿತ್ತು. ಆದರೆ ಆ 14 ವರ್ಷದ ಬಾಲಕನಿಗೆ ಸರಳ ಪದಗಳನ್ನು ಓದುವುದೂ ಕಷ್ಟ. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಈ ಪ್ರಕರಣವನ್ನು ದಾಖಲಿಸಿ, ಅದನ್ನು 'ಹುಟ್ಟು ಪದಕುರುಡು' ಎಂದು ಕರೆದರು. ಇಂದು ಅದರ ಹೆಸರು ಡಿಸ್ಲೆಕ್ಸಿಯಾ. ಇದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಇದರ ಬೇರು ಮಿದುಳಿನಲ್ಲಿದೆ.

ಮಾತು ಮಗುವಿಗೆ ಸಹಜವಾಗಿ ಒಲಿಯುತ್ತದೆ. ಓದು ಹಾಗಲ್ಲ, ಅದನ್ನು ಕಲಿಯಬೇಕು. ಬರವಣಿಗೆಗೆ ಸುಮಾರು 5 ಸಾವಿರ ವರ್ಷಗಳ ಇತಿಹಾಸವಷ್ಟೇ ಇರುವುದರಿಂದ ಓದಿಗೆಂದೇ ಮೀಸಲಾದ ಅಂಗ ಮಿದುಳಿನಲ್ಲಿಲ್ಲ. ನೋಟ ಮತ್ತು ಮಾತಿಗೆ ಸಂಬಂಧಿಸಿದ ಭಾಗಗಳು ಬೆಸೆದುಕೊಂಡು, ಮುಖ್ಯವಾಗಿ ಎಡ ಮಿದುಳಿನಲ್ಲಿ, ಓದಿನ ಜಾಲ ರೂಪುಗೊಳ್ಳುತ್ತದೆ. ಹಿಂಬದಿಯ ಒಂದು ಭಾಗ ಅಕ್ಷರವನ್ನು ಧ್ವನಿಯೊಡನೆ ಜೋಡಿಸಿದರೆ, ಇನ್ನೊಂದು ಭಾಗ ಪರಿಚಿತ ಪದವನ್ನು ಕಂಡೊಡನೆ ಗುರುತಿಸುತ್ತದೆ. ಮುಂಭಾಗ ಉಚ್ಚಾರಣೆಗೆ ನೆರವಾಗುತ್ತದೆ.

ಅಮೆರಿಕದ ವಿಜ್ಞಾನಿಗಳಾದ ಆಲ್ಬರ್ಟ್ ಗಲಬುರ್ಡಾ ಮತ್ತು ಥಾಮಸ್ ಕೆಂಪರ್ 1979ರಲ್ಲಿ, ಡಿಸ್ಲೆಕ್ಸಿಯಾ ಇದ್ದು ಮೃತಪಟ್ಟ ಯುವಕನೊಬ್ಬನ ಮಿದುಳಿನ ಪರೀಕ್ಷೆಯ ವರದಿ ನೀಡಿದರು. ಎಡಭಾಗದ ಭಾಷಾ ಪ್ರದೇಶದಲ್ಲಿ ಕೆಲವು ನರಕೋಶಗಳು ಸ್ಥಾನ ತಪ್ಪಿ ನೆಲೆಸಿದ್ದವು. ಇಂಥ ವ್ಯತ್ಯಾಸ ಗರ್ಭಾವಸ್ಥೆಯಲ್ಲೇ ಆರಂಭವಾಗಿರಬಹುದೆಂಬ ವಾದಕ್ಕೆ ಇದು ಎಡೆಮಾಡಿತು. ಸ್ಕ್ಯಾನಿಂಗ್ ತಂತ್ರಜ್ಞಾನ ಬಂದ ಮೇಲೆ ಸಜೀವ ಮಿದುಳನ್ನೇ ನೋಡುವುದು ಸಾಧ್ಯವಾಯಿತು. ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಶೇವಿಟ್ಜ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಸ್ಲೆಕ್ಸಿಯಾ ಉಳ್ಳವರು ಓದುವಾಗ ಎಡ ಮಿದುಳಿನ ಹಿಂಬದಿಯ ಚಟುವಟಿಕೆ ಕಡಿಮೆಯಿರುವುದು ಕಂಡುಬಂತು.

ಇದು ಇಂಗ್ಲಿಷಿಗೆ ಮಾತ್ರ ಸೀಮಿತವೇ? ಇಂಗ್ಲಿಷ್, ಫ್ರೆಂಚ್ ಮತ್ತು ಇಟಾಲಿಯನ್ ಭಾಷಿಕರನ್ನು ಹೋಲಿಸಿದ 2001ರ ಅಧ್ಯಯನವೊಂದು, ಮೂವರಲ್ಲೂ ಎಡ ಮಿದುಳಿನ ಒಂದೇ ಪ್ರದೇಶದಲ್ಲಿ ಚಟುವಟಿಕೆ ಕುಗ್ಗಿರುವುದನ್ನು ತೋರಿಸಿತು. ಆದರೆ ನುಡಿದಂತೆ ಬರೆಯುವ ಇಟಾಲಿಯನ್‌ನಲ್ಲಿ ಓದಿನ ತಪ್ಪುಗಳು ಕಡಿಮೆ. ಕನ್ನಡದ ಬರವಣಿಗೆಯೂ ಉಚ್ಚಾರಣೆಗೆ ಹತ್ತಿರವಾದುದು. ಆದ್ದರಿಂದ ತಪ್ಪಿಲ್ಲದಿದ್ದರೂ ಅತಿ ನಿಧಾನವಾಗಿ, ಪ್ರಯಾಸದಿಂದ ಓದುವ ಮಗುವಿನ ಕಡೆಗೂ ಗಮನ ಹರಿಸಬೇಕು.

ಆದರೆ ಇವೆಲ್ಲ ಗುಂಪುಗಳ ಸರಾಸರಿ ವ್ಯತ್ಯಾಸಗಳು. ಒಂದು ಮಗುವಿನ ಸ್ಕ್ಯಾನ್ ನೋಡಿ ಡಿಸ್ಲೆಕ್ಸಿಯಾ ಇದೆಯೆಂದು ನಿರ್ಣಯಿಸಲಾಗದು. ಅದಕ್ಕೆ ಓದು, ಬರಹ ಮತ್ತು ಭಾಷೆಯ ಪರೀಕ್ಷೆಗಳೇ ಆಧಾರ. ಅಲ್ಲದೆ ಕೆಲವು ವ್ಯತ್ಯಾಸಗಳು ಕಡಿಮೆ ಓದಿದ್ದರ ಫಲವೂ ಆಗಿರಬಹುದು.

ಮಿದುಳು ಬದಲಾಗಬಲ್ಲದು ಎಂಬುದು ಆಶಾದಾಯಕ ಸಂಗತಿ. ಧ್ವನಿ ಮತ್ತು ಅಕ್ಷರಗಳ ನಂಟನ್ನು ಕ್ರಮವಾಗಿ ಕಲಿಸಿದ ಮಕ್ಕಳಲ್ಲಿ ಓದು ಸುಧಾರಿಸುವುದರ ಜೊತೆಗೆ ಎಡ ಮಿದುಳಿನ ಚಟುವಟಿಕೆಯೂ ಹೆಚ್ಚಿದ್ದನ್ನು ಯೇಲ್ ತಂಡ 2004ರಲ್ಲಿ ವರದಿ ಮಾಡಿತು. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಗೆ ಸೇರಿಸಿದೆ. ಈ ಮಕ್ಕಳನ್ನು ಬೇಗ ಗುರುತಿಸಿ ಬೇರೆ ಬಗೆಯಲ್ಲಿ ಕಲಿಸುವ ಹೊಣೆ ಇನ್ನು ಶಾಲೆಯದು, ಮನೆಯದು.