ಸುಟ್ಟುಹೋದ ಹೊಟ್ಟು, ಸೋಸಿ ಬಂದ ನೀರು

ಕೊಡ ಜಿನುಗಿದರೆ ಕುಂಬಾರನಿಗೆ ಅವಮಾನ. ನಿಕರಾಗುವಾದ ಕೆಲವು ಕುಂಬಾರರಿಗೆ ಮಾತ್ರ ಜಿನುಗದಿದ್ದರೇ ಚಿಂತೆ. ಆವಿಗೆಯಿಂದ ತೆಗೆದ, ನೀರು ಸೋಸುವ ಹೂಕುಂಡದಂಥ ಮಡಕೆಯನ್ನು ಅವರು ನೀರಲ್ಲಿ ನೆನೆಹಾಕಿ, ಆಮೇಲೆ ಅಂಚಿನವರೆಗೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಎರಡು ಲೀಟರಿನ ಆಸುಪಾಸು ಇದ್ದರೆ ಹದ. ಸರಸರನೆ ಖಾಲಿಯಾಯಿತೋ, ಒಳಗೆಲ್ಲೋ ಬಿರುಕಿದೆ ಎಂದು ಲೆಕ್ಕ, ಅದು ಮಾರಾಟಕ್ಕಿಲ್ಲ.

ಕಾರ್ಖಾನೆಗಳಲ್ಲಿ ಬಳಸುವ ಸೆರಾಮಿಕ್ ಮೆಂಬ್ರೇನ್ ಮಾಡುವುದೂ ಸೋಸುವ ಕೆಲಸವನ್ನೇ. ಆದರೆ ಅದಕ್ಕೆ ಬೇಕಾದ ಶುದ್ಧ ಅಲ್ಯೂಮಿನಾ ಪುಡಿ ದುಬಾರಿ. ಅದರ ಕಣಗಳು ಬೆಸೆದುಕೊಳ್ಳಲು ಸಾಮಾನ್ಯವಾಗಿ 1,400 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಕಾವು ಬೇಕು. ಜೇಡಿಮಣ್ಣಿಗೆ 900ರ ಸುತ್ತಮುತ್ತ ಸಾಕು.

ಗ್ವಾಟೆಮಾಲಾದ ಫರ್ನಾಂಡೊ ಮಜಾರಿಯೆಗೋಸ್ 1981ರಲ್ಲಿ ಹಿಡಿದದ್ದು ಈ ಜೇಡಿಮಣ್ಣಿನ ದಾರಿ. ಜೇಡಿಗೆ ಜರಡಿ ಹಿಡಿದ ಮರದ ಹೊಟ್ಟು ಕಲಸಿ ಸುಟ್ಟರೆ ಹೊಟ್ಟು ಉರಿದುಹೋಗಿ, ಅದಿದ್ದ ಜಾಗ ತೂತಾಗಿ ಉಳಿಯುತ್ತದೆ. ಅಂಕುಡೊಂಕಾದ ಆ ಸಂದುಗಳಲ್ಲಿ ಕೆಸರೂ ಬ್ಯಾಕ್ಟೀರಿಯಾವೂ ಸಿಕ್ಕಿಬೀಳುತ್ತವೆ. ಮೇಲೆ ಬಳಿದ ಬೆಳ್ಳಿಯ ದ್ರಾವಣ ರೋಗಾಣುಗಳನ್ನು ಹತ್ತಿಕ್ಕುತ್ತದೆ. 1998ರ ಮಿಚ್ ಚಂಡಮಾರುತದ ನಂತರ ‘ಪಾಟರ್ಸ್ ಫಾರ್ ಪೀಸ್’ ಸಂಸ್ಥೆಯ ರಾನ್ ರಿವೇರಾ ಇದನ್ನು ದೇಶದಿಂದ ದೇಶಕ್ಕೆ ಹೊತ್ತೊಯ್ದರು. ಮಡಕೆ ಒತ್ತುವ ಅವರ ಯಂತ್ರದ ಜೀವಾಳ ಲಾರಿ ಎತ್ತುವ ಜಾಕ್!

ನಮ್ಮಲ್ಲೂ ಪ್ರಯೋಗಗಳು ನಡೆದಿವೆ. ಭುವನೇಶ್ವರದ ಸಿಎಸ್‌ಐಆರ್ ಪ್ರಯೋಗಾಲಯದ ‘ಟೆರಾಫಿಲ್’ ಕೆಂಪುಮಣ್ಣು, ಹೊಳೆಮರಳು, ಮರದ ಹೊಟ್ಟಿನಿಂದ ಮಾಡಿದ, ನೀರು ಸೋಸುವ ಬಿಲ್ಲೆ. ಗುವಾಹಟಿ ಐಐಟಿಯ ಸಂಶೋಧಕರು ಕಯೋಲಿನ್ ಮಣ್ಣಿಗೆ ಸೋಡಿಯಂ ಕಾರ್ಬೊನೇಟ್ ಮುಂತಾದವನ್ನು ಬೆರೆಸಿ ಅಗ್ಗದ ಮೆಂಬ್ರೇನ್ ತಯಾರಿಸಿ, ಎಣ್ಣೆ ಬೆರೆತ ನೀರನ್ನು ಸೋಸಿ ನೋಡಿದರು. ಇಡ್ಲಿ ಹಿಟ್ಟಿಗೆ ಸೋಡಾ ಹಾಕಿದಂತೆಯೇ: ಕಾದಾಗ ಹೊರಬೀಳುವ ಅನಿಲ ತೂತು ಬಿಟ್ಟುಹೋಗುತ್ತದೆ.

ಮಣ್ಣಿನ ಮಡಕೆಯಿಂದ ಎಲ್ಲವನ್ನೂ ಬಯಸುವಂತಿಲ್ಲ. ವೈರಸ್‌ಗಳು ತೀರಾ ಸಣ್ಣವು, ಬಹಳಷ್ಟು ನುಸುಳಿಬಿಡುತ್ತವೆ. ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ಕರಗಿಯೇ ಇರುವುದರಿಂದ ಇದಕ್ಕೆ ಸಿಗುವುದಿಲ್ಲ. ಅಡುಗೆಮನೆಯ ಕ್ಯಾಂಡಲ್ ಫಿಲ್ಟರ್‌ಗೂ ಅಷ್ಟೆ.

ಕಾಂಬೋಡಿಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಡಕೆ ಬಳಸುವ ಮನೆಗಳಲ್ಲಿ ಅತಿಸಾರ ಶೇ. 46ರಷ್ಟು ಕಡಿಮೆಯಿತ್ತು. ಅದೇ ಅಧ್ಯಯನ ಇನ್ನೊಂದನ್ನೂ ಗುರುತಿಸಿತು: ತಿಂಗಳಿಗೆ ಸುಮಾರು ಶೇ. 2ರಷ್ಟು ಮನೆಗಳು ಬಳಕೆ ಬಿಡುತ್ತಿದ್ದವು. ಮುಖ್ಯ ಕಾರಣ ಬೇಸರವಲ್ಲ, ಮಡಕೆ ಒಡೆದದ್ದು. ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಕೂರಿಸುವ ಆ ಮಣ್ಣಿನ ಮಡಕೆಯೊಂದೇ ಹತ್ತಿರದ ಅಂಗಡಿಯಲ್ಲಿ ಸಿಗುವಂತಿದ್ದರೆ, ನಲ್ಲಿ ಸಮೇತ ಉಳಿದ ಆ ಬಕೆಟ್ಟು ಮೂಲೆ ಸೇರಬೇಕಿರಲಿಲ್ಲ.