ನೆಂಟರ ಮನೆಯ ನೀಲಿ ಹರಳು

ಬೇಸಿಗೆಯ ರಜೆಯು ಬಂದಿತೆಂದರೆ ಮಕ್ಕಳನ್ನು ಬಂಧುಗಳ ಮನೆಗೆ ಕಳುಹಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದು ಒಳ್ಳೆಯ ಪದ್ಧತಿ. ಪಟ್ಟಣದ ಗೋಡೆಗಳ ನಡುವೆ ಬೆಳೆಯುವ ಮಗುವು ಹದಿನೈದು ದಿನವಾದರೂ ಅಜ್ಜನ ಮನೆಯ ಅಂಗಳದಲ್ಲಿ ಆಡಿ, ಮಾವಿನ ಹಣ್ಣನ್ನು ಮರದ ಬುಡದಲ್ಲಿಯೇ ಹೆಕ್ಕಿ ತಿಂದು, ರಾತ್ರಿ ಜಗಲಿಯಲ್ಲಿ ಕಥೆ ಕೇಳುತ್ತ ಮಲಗಿದರೆ, ಅದು ಯಾವ ಶಾಲೆಯೂ ಕೊಡಲಾರದ ವಿದ್ಯೆ. ಶಿರಸಿಯಿಂದ ಸೋಂದೆಯ ಕಡೆಗೆ ಹೋಗುವ ಬಸ್ಸುಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಕಾಣುವ ಮಕ್ಕಳ ಸಂಭ್ರಮವನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಆದರೆ ಈ ಸಂಭ್ರಮದ ನಡುವೆ ನಮ್ಮ ಗೃಹಸ್ಥರು ಸಾಮಾನ್ಯವಾಗಿ ಲಕ್ಷ್ಯ ಕೊಡದ ಒಂದು ಸಂಗತಿ ಇದೆ. ಅದನ್ನು ವಾಚಕರ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಪ್ರತಿಯೊಂದು ಕುಟುಂಬದಲ್ಲಿಯೂ ಸ್ವಲ್ಪ ವಿಚಿತ್ರ ಸ್ವಭಾವದ ಬಂಧುವೊಬ್ಬನು ಇದ್ದೇ ಇರುವನು. ತೋಟದ ನಡುವಿನ ಹಳೆಯ ಮನೆಯಲ್ಲಿ ಒಂಟಿಯಾಗಿ ಇರುವ ದೊಡ್ಡಪ್ಪನೋ, ಮಕ್ಕಳಿಲ್ಲದ ಅಜ್ಜನ ತಮ್ಮನೋ, ಯಾರಾದರೊಬ್ಬರು. ಅವನು ಜೇನು ಸಾಕುವನು, ನಾರುಬೇರಿನ ಔಷಧ ಮಾಡುವನು, ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಜೋಡಿಸುವನು, ಯಾವ ವಸ್ತುವನ್ನೂ ಎಸೆಯನು. ಅವನ ಮನೆಯ ಅಟ್ಟವೂ ನಾಗಂದಿಗೆಯೂ ಮಕ್ಕಳ ಕಣ್ಣಿಗೆ ಪಾತಾಳದ ನಿಧಿಯಂತೆ ಕಾಣುವುದು. ಅಂಥವನ ಮೇಲೆ ಮಕ್ಕಳಿಗೆ ವಿಶೇಷ ಪ್ರೀತಿ. ಅವನಿಗೂ ಮಕ್ಕಳೆಂದರೆ ಪ್ರೀತಿಯೇ. ಇಲ್ಲಿ ದೋಷವು ಯಾರದೂ ಅಲ್ಲ. ಮನೆಯು ಮಾತ್ರ ಎಲ್ಲವನ್ನೂ ಬಲ್ಲ ಒಬ್ಬ ಮನುಷ್ಯನಿಗಾಗಿ ಏರ್ಪಟ್ಟದ್ದು. ಯಾವ ಶೀಸೆಯಲ್ಲಿ ಏನಿದೆಯೆಂಬುದು ಅವನ ತಲೆಯಲ್ಲಿದೆ, ಶೀಸೆಯ ಮೇಲೆ ಬರೆದಿಲ್ಲ. ಏನೂ ಅರಿಯದ ನಾಲ್ಕು ಜೊತೆ ಪುಟ್ಟ ಕೈಗಳು ಅಲ್ಲಿಗೆ ಒಮ್ಮೆಲೇ ಬಂದಾಗ ಏನಾಗಬಹುದೆಂಬುದನ್ನು ಮೊದಲೇ ಯೋಚಿಸಬೇಕು.

ಸೋಂದೆಯ ಸುತ್ತಲಿನ ಅಡಿಕೆಯ ಸೀಮೆಯಲ್ಲಿ ಇಂಥ ಮನೆಯಲ್ಲಿ ದೊರೆಯುವ ಮೊದಲನೆಯ ವಸ್ತು ಮೈಲುತುತ್ತ. ಮಳೆಗಾಲದಲ್ಲಿ ಅಡಿಕೆಯ ಮಿಳ್ಳೆಗಳನ್ನು ಕೊಳೆಯಿಸಿ ಉದುರಿಸುವ ಕೊಳೆರೋಗವು ತೋಟಿಗರ ಹಳೆಯ ವೈರಿ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಸಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯುವ ಕ್ರಮವನ್ನು ತೋರಿಸಿಕೊಟ್ಟರು. ಕ್ರಮೇಣ ಘಟ್ಟದ ಮೇಲಿನ ತೋಟಿಗರೆಲ್ಲರೂ ಅದನ್ನು ಕೈಗೊಂಡರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು ಎಂಬ ಲೆಕ್ಕವು ಇಂದು ಅಲ್ಲಿಯ ಬಾಲಕರಿಗೂ ಬಾಯಿಪಾಠ. ಈ ಔಷಧವಿಲ್ಲದೆ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ. ಅದರ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಪಂಚಾಂಗವನ್ನು ಸ್ವಲ್ಪ ನೋಡಿರಿ. ಮೊದಲನೆಯ ಸಲದ ಔಷಧವನ್ನು ಮುಂಗಾರು ಹಿಡಿಯುವ ಹೊತ್ತಿಗೆ ಹೊಡೆಯಬೇಕು. ಎರಡನೆಯದನ್ನು ಸುಮಾರು 40-45 ದಿನಗಳ ತರುವಾಯ. ಆದುದರಿಂದ ಮೈಲುತುತ್ತದ ಚೀಲಗಳೂ ಸುಣ್ಣವೂ ಮನೆಗೆ ಬಂದು ಸೇರುವುದು ಹೆಚ್ಚಾಗಿ ಮೇ ತಿಂಗಳಿನಲ್ಲಿ. ಮಕ್ಕಳು ಬಂದು ಸೇರುವುದೂ ಅದೇ ತಿಂಗಳಿನಲ್ಲಿ! ವರುಷದ ಉಳಿದ ಕಾಲದಲ್ಲಿ ಬರಿದಾಗಿರುವ ಕೊಟ್ಟಿಗೆಯ ಮೂಲೆಯು ತುಂಬುವ ವೇಳೆಗೆ, ವರುಷದ ಉಳಿದ ಕಾಲದಲ್ಲಿ ನಿಶ್ಶಬ್ದವಾಗಿರುವ ಮನೆಯೂ ತುಂಬುವುದು. ಈ ಎರಡು ಸಂಗತಿಗಳು ಒಂದೇ ವೇಳೆಗೆ ಕೂಡುವುದನ್ನು ಯಾರೂ ಗಮನಿಸಿದಂತೆ ಕಾಣುವುದಿಲ್ಲ.

ಮೈಲುತುತ್ತದ ಹರಳಿನಷ್ಟು ಚೆಲುವಾದ ವಸ್ತುವು ಮಗುವಿನ ಕಣ್ಣಿಗೆ ಬೇರೆ ಯಾವುದಿದೆ? ನವಿಲಿನ ಕೊರಳಿನ ಬಣ್ಣ, ಕಲ್ಲುಸಕ್ಕರೆಯ ಆಕಾರ. ಒಂದು ತುಂಡನ್ನು ಬಾಯಿಗೆ ಹಾಕಿದರೆ ಗಂಟಲೂ ಹೊಟ್ಟೆಯೂ ಸುಡುವವು, ನೀಲಿ ಹಸುರಿನ ವಾಂತಿಯಾಗುವುದು. ಹೆಚ್ಚು ಹೊಟ್ಟೆಗೆ ಸೇರಿದರೆ ರಕ್ತದ ಕೆಂಪುಕಣಗಳು ಒಡೆದು, ಯಕೃತ್ತೂ ಮೂತ್ರಪಿಂಡಗಳೂ ಕೆಡುವವು. ಅದರ ಜೊತೆಗಿರುವ ಸುಟ್ಟ ಸುಣ್ಣವಾದರೋ ನೀರು ತಗಲಿದೊಡನೆ ಕುದಿಯುವುದು. ಅದನ್ನು ನೋಡಿ ಮಕ್ಕಳು ಕೈತಟ್ಟಿ ನಗುವರು. ಒಂದು ಹನಿ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು.

ಚೆಲುವಾದ ನೀಲಿಯನ್ನು ಬಂಧುಗಳ ಮನೆಯಲ್ಲಿ ಕಂಡು ಮರುಳಾದ ಮಕ್ಕಳ ಕಥೆಯು ನಮ್ಮಲ್ಲಿ ಮಾತ್ರವಲ್ಲ, ದೂರದ ಬ್ರೆಜಿಲ್ ದೇಶದಲ್ಲಿಯೂ ನಡೆದಿದೆ. 1987ರಲ್ಲಿ ಗೋಯಾನಿಯಾ ಎಂಬ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಕಿತ್ತು ತಂದ ಯಂತ್ರದ ಭಾಗವು ಗುಜರಿ ವ್ಯಾಪಾರಿಯೊಬ್ಬನ ಮನೆಗೆ ಬಂದಿತು. ಅದರೊಳಗಿನ ಪುಡಿಯು ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅದು ಸೀಸಿಯಮ್ ಎಂಬ ವಿಕಿರಣಧಾತುವೆಂದು ಅವನಿಗೆ ಏನು ಗೊತ್ತು? ಅಪೂರ್ವ ವಸ್ತುವೆಂದು ನೆಂಟರಿಷ್ಟರಿಗೆ ಹಂಚಿದನು. ಅವನ ಸಹೋದರನ ಮಗಳು, 6 ವರುಷದ ಹುಡುಗಿ, ಅದರೊಡನೆ ಆಡಿ ಅದೇ ಕೈಯಿಂದ ಊಟಮಾಡಿದಳು. ಆ ಮಗುವೂ ಸೇರಿ ನಾಲ್ವರು ಪ್ರಾಣ ಬಿಟ್ಟರು. 249 ಮಂದಿಗೆ ವಿಕಿರಣದ ಸೋಂಕು ತಗಲಿದುದು ಪರೀಕ್ಷೆಯಿಂದ ತಿಳಿದುಬಂದಿತು. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ವಸ್ತುವಿನ ಗುಣವನ್ನು ಬಲ್ಲವರು ಯಾರೂ ಇರಲಿಲ್ಲ, ಅಷ್ಟೆ.

ಎರಡನೆಯ ವಸ್ತು ಕೋವಿ. ಮಂಗ, ಕಾಡುಹಂದಿಗಳಿಂದ ಬೆಳೆಯನ್ನು ಕಾಯುವುದಕ್ಕೆಂದು ಮಲೆನಾಡಿನ ಅನೇಕ ಮನೆಗಳಲ್ಲಿ ಸರಕಾರದ ಪರವಾನಿಗೆ ಪಡೆದ ಕೋವಿ ಇರುವುದು. ಗೋಡೆಯ ಗೂಟಕ್ಕೆ ಅದನ್ನು ತೂಗಹಾಕುವುದು ಹಳೆಯ ರೂಢಿ. ಈಗ ಏರ್‌ಗನ್ನುಗಳೂ ಬಂದಿವೆ. 2016ರ ಆಯುಧ ನಿಯಮಗಳ ಪ್ರಕಾರ ಕಡಿಮೆ ಬಲದ ಏರ್‌ಗನ್ನಿಗೆ ಪರವಾನಿಗೆಯು ಬೇಕಿಲ್ಲವಾದುದರಿಂದ, ಅದನ್ನು ಆಟಿಕೆಯೆಂದೇ ತಿಳಿದವರು ಬಹುಜನ. ಅದು ಆಟಿಕೆಯಲ್ಲವೆಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. 2025ರಲ್ಲಿ ಶಿರಸಿ ತಾಲೂಕಿನಲ್ಲಿಯೇ, ಮಂಗಗಳನ್ನು ಬೆದರಿಸಲು ಇಟ್ಟಿದ್ದ ಏರ್‌ಗನ್ನಿನ ಗುಂಡು ತಗಲಿ 9 ವರುಷದ ಬಾಲಕನೊಬ್ಬನು ತೀರಿಕೊಂಡನು. ಅದೇ ವರುಷ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನಲ್ಲಿ, ಕೋಳಿ ಸಾಕುವ ತೋಟವೊಂದರಲ್ಲಿದ್ದ ಕೋವಿಯನ್ನು ಹುಡುಗನೊಬ್ಬನು ಕೈಗೆತ್ತಿಕೊಂಡಾಗ ಗುಂಡು ಹಾರಿ ಪುಟ್ಟ ಮಗುವೊಂದು ಮಡಿಯಿತು. ಕೋವಿ ಹಿಡಿದ ಮಗುವೂ ಮಗುವೇ ಎಂಬುದನ್ನು ನೆನೆದರೆ ಎರಡು ಮನೆಗಳ ದುಃಖವು ಕಣ್ಣಿಗೆ ಕಟ್ಟುವುದು.

ಮೂರನೆಯವು ಕಾಡೇ ಕೊಟ್ಟ ವಸ್ತುಗಳು. ನಾರುಬೇರಿನ ಔಷಧ ಬಲ್ಲವರ ಮನೆಯಲ್ಲಿ ಕಾಸರಕದ ಬೀಜವಿರಬಹುದು. ಅದರ ವಿಷವು ಮೈಯನ್ನು ಬಿಲ್ಲಿನಂತೆ ಸೆಟೆಯಿಸುವುದು. ಕರಿಗೇರಿನ ಕಾಯಿಯಿರಬಹುದು, ಅದರ ಸೊನೆ ತಗಲಿದರೆ ಚರ್ಮವು ಬೊಬ್ಬೆ ಏಳುವುದು. ಗುಲಗಂಜಿಯಂತೂ ಮಕ್ಕಳ ಆಟಕ್ಕೆಂದೇ ಹುಟ್ಟಿದಂತೆ ಕೆಂಪು ಕಪ್ಪಾಗಿ ಹೊಳೆಯುವುದು. ಇಡಿಯ ಬೀಜವು ನುಂಗಿದರೂ ಗಟ್ಟಿಸಿಪ್ಪೆಯ ದೆಸೆಯಿಂದ ಹಾಗೆಯೇ ಹೊರಬೀಳಬಹುದು. ಜಗಿದರೆ ಅಥವಾ ದಾರಕ್ಕೆ ಪೋಣಿಸಲು ತೂತುಮಾಡಿದ್ದನ್ನು ನುಂಗಿದರೆ ಅದೇ ಘೋರವಿಷ. ಇನ್ನು ಜೇನುಪೆಟ್ಟಿಗೆ. ತುಡುವೆಯು ಸಾಧುವೇ ಸರಿ; ಆದರೆ ಪೆಟ್ಟಿಗೆಯ ಮುಚ್ಚಳವನ್ನು ಕಿತ್ತವರ ಮೇಲೆ ಅದೂ ಏರಿ ಬರುವುದು. ಒಂದು ನೊಣವು ಕಚ್ಚಿದಲ್ಲಿ ಹೊರಡುವ ವಾಸನೆಯು ಉಳಿದವನ್ನು ಕರೆಯುವುದು. ಬೇಲಿಯಾಚೆಯ ಮರದ ಹೆಜ್ಜೇನಿಗೆ ಕಲ್ಲೆಸೆದರೆ ಆಗುವ ಅನಾಹುತವನ್ನು ಹೇಳಬೇಕಾದುದೇ ಇಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಸಾಮಾನ್ಯವೂ ಎಲ್ಲಕ್ಕಿಂತ ಕ್ರೂರವೂ ಆದುದು: ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಚಿಮಣಿ ಎಣ್ಣೆ, ಆ್ಯಸಿಡ್ ಅಥವಾ ಕಳೆನಾಶಕ. ಪ್ಯಾರಾಕ್ವಾಟ್ ಎಂಬ ಕಳೆನಾಶಕವು ಒಂದು ಗುಟುಕು ಹೊಟ್ಟೆಗೆ ಹೋದರೂ ಪ್ರಾಣ ತೆಗೆಯಬಲ್ಲದು, ಅದಕ್ಕೆ ಪ್ರತಿವಿಷವಿಲ್ಲ. ಬಾಯಾರಿ ಓಡಿಬಂದ ಮಗುವು ಬಾಟಲಿಯ ಆಕಾರವನ್ನು ನೋಡುವುದೇ ಹೊರತು ಒಳಗಿನ ರಸದ ಗುಣವನ್ನು ಪರೀಕ್ಷಿಸುವುದಿಲ್ಲ.

“ನಮ್ಮ ಮನೆಯಲ್ಲಿ ಇಷ್ಟು ವರುಷಗಳಿಂದ ಇವೆಲ್ಲ ಇವೆ, ನಮ್ಮ ಮಕ್ಕಳಿಗೆ ಏನೂ ಆಗಲಿಲ್ಲ” ಎಂದು ತೋಟದ ಹಿರಿಯರು ಹೇಳಬಹುದು. ಆ ಮಾತು ನಿಜವೇ. ಅಂಬೆಗಾಲಿಡುವ ಕಾಲದಿಂದ “ಅದು ಮುಟ್ಟಬಾರದು, ತಮಾ” ಎಂಬ ಮಾತನ್ನು ದಿನವೂ ಕೇಳಿ ಬೆಳೆದ ಮನೆಯ ಮಗುವಿಗೆ ಆ ಮನೆಯ ವ್ಯಾಕರಣವು ಗೊತ್ತು. ಬೆಂಗಳೂರು ಹುಬ್ಬಳ್ಳಿಗಳಿಂದ ಬಂದ ಮಗುವಿಗೆ ಅದು ಗೊತ್ತಿಲ್ಲ. ಅದರ ಮೇಲೆ ನಾಲ್ಕು ಮಕ್ಕಳು ಕೂಡಿದಾಗ ಒಬ್ಬನಲ್ಲಿ ಇಲ್ಲದ ಧೈರ್ಯವು ನಾಲ್ವರಲ್ಲಿಯೂ ಹುಟ್ಟುವುದು. “ಅಟ್ಟ ಹತ್ತಬೇಡಿ” ಎಂದಷ್ಟೇ ಹೇಳಿ ಕಾರಣವನ್ನು ಹೇಳದಿದ್ದರೆ, ಮಧ್ಯಾಹ್ನ ಹಿರಿಯರು ಮಲಗಿದ ಮೇಲೆ ಅವರು ಹತ್ತುವುದು ಅಟ್ಟವನ್ನೇ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ಸೋಂದೆಯ ಹಿರಿಯರ ನಡೆಯಲ್ಲಿಯೇ ಒಂದು ಉತ್ತರವಿದೆಯೆಂದು ನಮಗೆ ತೋರುವುದು. ವಾದಿರಾಜ ಮಠಕ್ಕೆ ಹೋದವರು ಭೂತರಾಜರ ಗುಡಿಗೆ ಕೈಮುಗಿಯದೆ ಮರಳುವುದಿಲ್ಲ. ದಾರಿಹೋಕರನ್ನು ಒಗಟು ಕೇಳಿ ಕಾಡುತ್ತಿದ್ದ ಬ್ರಹ್ಮರಾಕ್ಷಸನು ವಾದಿರಾಜರ ಉತ್ತರಕ್ಕೆ ಸೋತು, ಅವರ ಸೇವಕನಾಗಿ, ಕ್ಷೇತ್ರವನ್ನು ಕಾಯುವವನಾದನೆಂದು ಸಂಪ್ರದಾಯವು ಹೇಳುವುದು. ದೈವದ ವಿಷಯವನ್ನು ಮೈಲುತುತ್ತಕ್ಕೆ ಹೋಲಿಸುವ ಧಾರ್ಷ್ಟ್ಯವು ನಮಗಿಲ್ಲ. ಹಿರಿಯರ ಮನೋಧರ್ಮವನ್ನು ಮಾತ್ರ ನೋಡಿರಿ. ಉಗ್ರವಾದ ಶಕ್ತಿಯನ್ನು ಅವರು ಕಂಡಕಂಡಲ್ಲಿ ಬಿಡಲಿಲ್ಲ. ಅದಕ್ಕೆ ತನ್ನದೇ ಒಂದು ಸ್ಥಾನವನ್ನೂ ನಿಯಮವನ್ನೂ ಏರ್ಪಡಿಸಿದರು. ನಾಗರಬನದಲ್ಲಿಯೂ ಹೀಗೆಯೇ. ಅಲ್ಲಿ ಯಾರು ಹೋಗಬಹುದು, ಯಾವಾಗ ಹೋಗಬಹುದು ಎಂಬುದು ಊರಿನ ಪ್ರತಿಯೊಂದು ಮಗುವಿಗೂ ಗೊತ್ತು. ಹಳೆಯ ಭಯಗಳಿಗೆ ಹೀಗೆ ಸ್ಥಾನ ದೊರೆಯಿತು. ಈಚಿನ ನೂರು ವರುಷಗಳಲ್ಲಿ ಮನೆಹೊಕ್ಕ ಹೊಸ ವಿಷಗಳಿಗೆ ಮಾತ್ರ ನಾವು ಇನ್ನೂ ಸ್ಥಾನವನ್ನು ಗೊತ್ತುಮಾಡಿಲ್ಲ. ಅವು ಬೆಲ್ಲದ ಡಬ್ಬಿಯ ಪಕ್ಕದಲ್ಲಿಯೇ ಕುಳಿತಿವೆ.

ಆದುದರಿಂದ ಮಕ್ಕಳನ್ನು ಬರಮಾಡಿಕೊಳ್ಳುವ ಮನೆಯವರು ಒಂದು ಪೆಟ್ಟಿಗೆಯನ್ನೋ ಕೋಣೆಯನ್ನೋ ಗೊತ್ತುಮಾಡಿ, ವಿಷವೆಂಬುದೆಲ್ಲವನ್ನೂ ಅದರಲ್ಲಿಟ್ಟು ಬೀಗ ಹಾಕತಕ್ಕದ್ದು. ಬೀಗದ ಕೈಯನ್ನು ಗೂಟಕ್ಕೆ ತೂಗಹಾಕದೆ ಸೊಂಟದಲ್ಲಿಟ್ಟುಕೊಳ್ಳತಕ್ಕದ್ದು. ತಿನ್ನುವ ಕುಡಿಯುವ ಪಾತ್ರೆಗಳಲ್ಲಿ ವಿಷವನ್ನು ಎಂದಿಗೂ ತುಂಬಬಾರದು. ಕೋವಿಯನ್ನು ಬರಿದುಮಾಡಿ ಒಂದು ಕಡೆ, ಮದ್ದುಗುಂಡನ್ನು ಮತ್ತೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ. ಮಕ್ಕಳನ್ನು ಕಳುಹಿಸುವ ತಾಯಿತಂದೆಗಳು “ದೊಡ್ಡಪ್ಪ, ಮನೆಯಲ್ಲಿ ಕೋವಿ ಇದೆಯೇ? ಔಷಧದ ಚೀಲಗಳನ್ನು ಎಲ್ಲಿ ಇಟ್ಟಿರುವಿರಿ?” ಎಂದು ಮೊದಲೇ ಕೇಳುವುದಕ್ಕೆ ಸಂಕೋಚಪಡಬಾರದು. ಇದು ಅವಿಶ್ವಾಸವಲ್ಲ, ಮಗುವಿಗೆ ಯಾವ ತಿಂಡಿ ಆಗುವುದಿಲ್ಲವೆಂದು ಹೇಳಿ ಕಳುಹಿಸುವಷ್ಟೇ ಸಹಜವಾದ ಮಾತು. ಮಕ್ಕಳು ಬಂದ ದಿನವೇ ಹಿರಿಯರು ಅವರನ್ನು ಕೈಹಿಡಿದು ಮನೆಯೆಲ್ಲ ಸುತ್ತಿಸಿ, ಜೇನುಪೆಟ್ಟಿಗೆಯನ್ನು ದೂರದಿಂದ ತೋರಿಸಿ, ಬೀಗದ ಹಿಂದೆ ಏನಿದೆ, ಏಕಿದೆ ಎಂಬುದನ್ನು ಬಿಡಿಸಿ ಹೇಳಿದರೆ, ಅರ್ಧ ಕುತೂಹಲವು ಅಲ್ಲಿಯೇ ತೀರುವುದು.

ಇಷ್ಟಾದರೂ ಅನಾಹುತವು ನಡೆದರೆ ದಿಗಿಲುಪಡದೆ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ವಿಷ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿಮಾಡಿಸಬಾರದು. ಚಿಮಣಿ ಎಣ್ಣೆಯು ಹಾಗೆ ಮಾಡಿದಾಗಲೇ ಪುಪ್ಪುಸಕ್ಕೆ ಇಳಿಯುವುದು, ಸುಡುವ ವಿಷವು ಎರಡನೆಯ ಸಲ ಗಂಟಲನ್ನು ಸುಡುವುದು. ಕಣ್ಣಿಗೆ ಸುಣ್ಣ ಬಿದ್ದರೆ ಕಾಲು ಗಂಟೆಗೆ ಕಡಿಮೆಯಿಲ್ಲದೆ ಸುರಿವ ನೀರಿನಲ್ಲಿ ತೊಳೆದು, ತರುವಾಯ ವೈದ್ಯರ ಬಳಿಗೆ ಕರೆದೊಯ್ಯಬೇಕು. ಜೇನು ಏರಿದರೆ ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು; ಮೈಯಲ್ಲಿ ನೆಟ್ಟ ಮುಳ್ಳುಗಳನ್ನು ತಡಮಾಡದೆ ಕೆರೆದು ತೆಗೆಯಬೇಕು. ಆಸ್ಪತ್ರೆಗೆ ಹೋಗುವಾಗ ವಿಷದ ಬಾಟಲಿಯನ್ನೋ ಚೀಲದ ತುಂಡನ್ನೋ ಜೊತೆಯಲ್ಲಿ ಒಯ್ಯಬೇಕು. ಆಂಬುಲೆನ್ಸಿಗೆ 108, ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117. ಈ ಅಂಕೆಗಳನ್ನು ಬರೆದು ಗೋಡೆಗೆ ಅಂಟಿಸುವುದಕ್ಕೆ ಎರಡು ನಿಮಿಷ ಸಾಕು. ತೋಟದ ಮನೆಯಿಂದ ಶಿರಸಿಯ ಆಸ್ಪತ್ರೆಗೆ ಹೋಗುವ ದಾರಿಯಾದರೋ ಮಳೆ ಹಿಡಿದ ದಿನ ಬಹಳ ದೂರ.

ಈ ಲೇಖನವನ್ನು ಓದಿ ಯಾರೂ ಮಕ್ಕಳನ್ನು ಬಂಧುಗಳ ಮನೆಗೆ ಕಳುಹಿಸುವುದನ್ನು ನಿಲ್ಲಿಸಬಾರದೆಂದು ನಮ್ಮ ಪ್ರಾರ್ಥನೆ. ಹಾಗೆ ನಿಲ್ಲಿಸಿದರೆ ಮಕ್ಕಳಿಗೆ ತೋಟವೂ ತಪ್ಪುವುದು, ಒಂಟಿಯಾಗಿರುವ ಹಿರಿಯನಿಗೆ ವರುಷಕ್ಕೊಮ್ಮೆ ಬರುವ ಸಂತೋಷವೂ ತಪ್ಪುವುದು. ಹೆಸರುಬೇಳೆಯ ಪಾಯಸಕ್ಕೂ ಹಲಸಿನ ಹಪ್ಪಳಕ್ಕೂ ಸಿದ್ಧತೆ ಮಾಡುವ ಮನೆಯು, ಅದರ ಜೊತೆಗೆ ಒಂದು ಬೀಗವನ್ನೂ ಸಿದ್ಧಮಾಡಲಿ. ನೆಂಟರ ಮಕ್ಕಳಿಗೆ ಮಾಡುವ ಉಪಚಾರಗಳಲ್ಲಿ ಅದೂ ಒಂದು.