ಕ್ರೈಸ್ತಸಭೆಯೂ ಸಾಮೂಹಿಕಾರಾಧನೆಯೂ

ಕ್ರೈಸ್ತಧರ್ಮದಲ್ಲಿ 'ಸಭೆ'ಯೆಂಬುದು ಮೊದಲು ಕಟ್ಟಡದ ಹೆಸರಲ್ಲ, ಕೂಡಿದ ಜನರ ಹೆಸರು. ಗ್ರೀಕರಲ್ಲಿ 'ಎಕ್ಲೇಸಿಯಾ' ಎಂದರೆ ಪೌರರ ಕೂಟ. ಆದಿಕ್ರೈಸ್ತರು ಆ ಪದವನ್ನೇ ತಮ್ಮ ಸಮುದಾಯಕ್ಕೆ ಇಟ್ಟುಕೊಂಡರು. ಕನ್ನಡ ಬೈಬಲಿನ 'ಸಭೆ'ಯೂ ಈ ಮೂಲಾರ್ಥವನ್ನು ಉಳಿಸಿಕೊಂಡಿದೆ.

ಈ ಕೂಟದ ಸ್ವರೂಪವನ್ನು ಕ್ರಿ. ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನನು ತನ್ನ ಸಮರ್ಥನಗ್ರಂಥದಲ್ಲಿ ವಿವರಿಸಿದ್ದಾನೆ. ಭಾನುವಾರ ಪಟ್ಟಣಿಗರೂ ಹಳ್ಳಿಗರೂ ಒಂದೆಡೆ ಸೇರುವರು, ಅಪೊಸ್ತಲರ ಸ್ಮರಣೆಗಳನ್ನೋ ಪ್ರವಾದಿಗಳ ಬರಹಗಳನ್ನೋ ಓದುವರು, ಅಧ್ಯಕ್ಷನು ಉಪದೇಶಿಸುವನು, ಎಲ್ಲರೂ ಎದ್ದುನಿಂತು ಪ್ರಾರ್ಥಿಸಿ ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವರು. ಬರಲಾಗದವರ ಪಾಲನ್ನು ಸಭಾಸೇವಕರು ಒಯ್ದು ಕೊಡುವರು. ಕೂಡಿದ ಕಾಣಿಕೆಯು ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರು ಇವರಿಗೆ ಸಲ್ಲುವುದು. ಹೀಗೆ ಆರಾಧನೆಯೂ ಪರಸ್ಪರಪೋಷಣೆಯೂ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದುವು. ಏಕಾಂತದಲ್ಲಿ ಪ್ರಾರ್ಥಿಸಬಹುದು, ಹಂಚಿ ಉಣ್ಣಲು ಬಾರದು.

303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಇಂಥ ಕೂಟಗಳನ್ನು ನಿಷೇಧಿಸಿ, ಆರಾಧನಾಮಂದಿರಗಳನ್ನು ಕೆಡವಿಸಿ, ಧರ್ಮಗ್ರಂಥಗಳನ್ನು ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಉತ್ತರ ಆಫ್ರಿಕದ ಅಬಿಟಿನೆಯಲ್ಲಿ ಬಿಷಪನೇ ಗ್ರಂಥಗಳನ್ನು ಒಪ್ಪಿಸಿಬಿಟ್ಟನು. ಆದರೂ ಅಲ್ಲಿಯ ಜನರು ಮನೆಗಳಲ್ಲಿ ಕೂಡುತ್ತಲೇ ಇದ್ದರು. 304ರಲ್ಲಿ ಅವರಲ್ಲಿ 49 ಮಂದಿ ಸೆರೆಸಿಕ್ಕಿ ಕಾರ್ಥೇಜಿನಲ್ಲಿ ವಿಚಾರಣೆಗೆ ಗುರಿಯಾದರು. ತನ್ನ ಮನೆಯಲ್ಲಿ ಕೂಟಕ್ಕೆ ಎಡೆಗೊಟ್ಟಿದ್ದ ಎಮೆರಿಟಸನು, ಕರ್ತನ ಭೋಜನವಿಲ್ಲದೆ ತಾವು ಇರಲಾರೆವೆಂಬ ಅರ್ಥದ ಉತ್ತರವನ್ನು ಕೊಟ್ಟನೆಂದು ಆ ಹುತಾತ್ಮರ ಚರಿತ್ರೆಯು ಹೇಳುತ್ತದೆ.

ಗ್ರಂಥವು ಕೈತಪ್ಪಿದರೂ, ಬಿಷಪನು ಜಾರಿದರೂ ಅಲ್ಲಿ ಸಭೆಯು ಅಳಿಯಲಿಲ್ಲ. ಕೂಡುವುದನ್ನು ಬಿಟ್ಟಿದ್ದರೆ ಮಾತ್ರ ಆ ಹೆಸರಿಗೆ ಅರ್ಥವುಳಿಯುತ್ತಿರಲಿಲ್ಲ.